ಆಯ್ಕೆಯನ್ನು ಮರೆಯದ ಆಟ

ಗಣಕದ ಆಟವೊಂದರಲ್ಲಿ ನೀವು ಒಬ್ಬ ಬೇಟೆಗಾರ. ಹೊಳೆಯ ದಡದಲ್ಲಿ ವ್ಯಾಪಾರಿಯೊಬ್ಬನ ಸರಕನ್ನು ರಾತ್ರಿ ಕಾಯುವ ಕೆಲಸ ಒಪ್ಪಿಕೊಂಡಿದ್ದೀರಿ. ಕತ್ತಲಲ್ಲಿ ಬಂಡುಕೋರರು ಬಂದು ಪೆಟ್ಟಿಗೆಗಳನ್ನು ಕೊಟ್ಟುಬಿಡು ಎನ್ನುತ್ತಾರೆ. ಕೊಡುವಿರಾ, ಕಾದಾಡುವಿರಾ? ಕೊಟ್ಟಿರಿ ಎನ್ನಿ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಆಟ ಮುಂದುವರಿಯುತ್ತದೆ. ಹಲವು ಗಂಟೆ ಆಡಿದ ಮೇಲೆ, ಪಟ್ಟಣದಲ್ಲಿ ನಿಮಗೆ ಸುಳಿವು ನೀಡಬೇಕಾದ ಮನುಷ್ಯನನ್ನು ಹುಡುಕಿಕೊಂಡು ಹೋದರೆ ಅವನು ಹೆಣವಾಗಿ ಬಿದ್ದಿರುತ್ತಾನೆ. ಕೊಂದವರು ಅದೇ ಬಂಡುಕೋರರು.

ಇದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆ 2007ರಲ್ಲಿ ಹೊರತಂದ 'ದಿ ವಿಚರ್' ಎಂಬ ಆಟದ ಒಂದು ಸಂದರ್ಭ. ಸಪ್ಕೋವ್‌ಸ್ಕಿ ಎಂಬ ಪೋಲಿಷ್ ಲೇಖಕರ ಕಥೆಗಳು ಇದಕ್ಕೆ ಆಧಾರ. ನಮ್ಮಲ್ಲಿ ಕೊಳ್ಳಿದೆವ್ವ, ಮೋಹಿನಿ, ಬಾಗಿಲ ಮೇಲೆ ಬರೆಯುತ್ತಿದ್ದ 'ನಾಳೆ ಬಾ' ಇರುವಂತೆ ಆ ಕಡೆಯ ಜನಪದದಲ್ಲೂ ಜಲಪಿಶಾಚಿಗಳು, ಕಾಡಿನ ಮಾಟಗಾತಿಯರು ಇದ್ದಾರೆ. ಅವರ ನಡುವೆ ಒಂದು ಪಾತ್ರವನ್ನು ವಹಿಸಿಕೊಂಡು, ಕೆಡುಕು ಮತ್ತು ಹೆಚ್ಚಿನ ಕೆಡುಕಿನ ನಡುವೆ ಆರಿಸುತ್ತ ಹೋಗುವುದೇ ಆಟ. ಇಂಥವನ್ನು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸುವ ಆಟ ಎನ್ನುತ್ತಾರೆ.

ಇವು ಬೆಂಗಳೂರಿಗಷ್ಟೇ ಸೀಮಿತವೆಂದು ತಿಳಿಯಬೇಡಿ. ಕೋರದಂಥ ಹೋಬಳಿ ಕೇಂದ್ರದಿಂದ ತುಮಕೂರಿಗೆ ಕಾಲೇಜಿಗೆ ಬರುವ ಹುಡುಗರ ಬಾಯಲ್ಲೂ ಇವುಗಳ ಹೆಸರಿದೆ. ಆದ್ದರಿಂದ ಅಧ್ಯಾಪಕರಿಗೆ ಮೊದಲೇ ಒಂದು ಮಾತು. 2015ರ 'ವಿಚರ್ 3' ಆಗಲಿ, 2023ರ 'ಬಾಲ್ಡರ್ಸ್ ಗೇಟ್ 3' ಆಗಲಿ, ಯುರೋಪಿನ ವಯೋಮಿತಿ ಪದ್ಧತಿಯಲ್ಲಿ 18 ತುಂಬಿದವರಿಗೆ ಮಾತ್ರ. ಪ್ರೌಢಶಾಲೆಯ ಮಕ್ಕಳಿಗೆ ಇವು ಸಲ್ಲವು. ಆಟದ ಚಟ ಬದುಕನ್ನೇ ಕೆಡಿಸಿದರೆ ಅದು ಒಂದು ಕಾಯಿಲೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಒಪ್ಪಿದೆ; ಆ ಪಟ್ಟಿ ಜಾರಿಗೆ ಬಂದದ್ದು 2022ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, 'ಶಟ್' ಎಂಬ ಚಿಕಿತ್ಸಾಲಯವನ್ನು ಆರಂಭಿಸಿತ್ತು. ಆದರೆ ಬೈದು ಸುಮ್ಮನಾದರೆ ವಿದ್ಯಾರ್ಥಿಯ ಕುತೂಹಲ ಅಡಗುವುದಿಲ್ಲ. 'ನಾನು ಆರಿಸಿದಂತೆ ಕಥೆ ಬದಲಾಗುತ್ತದೆ ಸಾರ್' ಎನ್ನುವವನಿಗೆ, ಅದು ಹೇಗೆ ಬದಲಾಗುತ್ತದೆಂದು ತೋರಿಸಿಕೊಡುವುದು ವಿಜ್ಞಾನದ ಅಧ್ಯಾಪಕರ ಕೆಲಸ.

ಕವಲುಗಳ ಲೆಕ್ಕ

ಕಥೆಯಲ್ಲಿ 20 ಕಡೆ ಆಯ್ಕೆ ಇದೆ, ಪ್ರತಿ ಆಯ್ಕೆಗೂ ಎರಡು ದಾರಿ ಎಂದುಕೊಳ್ಳೋಣ. ಪ್ರತಿ ದಾರಿಗೂ ಬೇರೆ ಕಥೆ ಬರೆದರೆ ಮೊದಲ ಹಂತದಲ್ಲಿ 2 ದೃಶ್ಯ, ಮುಂದೆ 4, 8, 16. ಇಪ್ಪತ್ತನೆಯ ಹಂತಕ್ಕೆ 10,48,576 ದೃಶ್ಯ. ಎಲ್ಲ ಹಂತಗಳನ್ನೂ ಕೂಡಿದರೆ 20,97,150. ಒಂದೊಂದು ದೃಶ್ಯಕ್ಕೂ ಚಿತ್ರ, ಧ್ವನಿ, ಚಲನೆ ಬೇಕು. ಅದು ಎಷ್ಟು ಜನರ ದುಡಿಮೆ ಎಂಬುದಕ್ಕೆ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಾಕ್ಷಿ. 1997ರಲ್ಲಿ ಆರಂಭವಾದ ಈ ಸಂಸ್ಥೆ ವಿದೇಶಿ ಆಟಗಳಿಗೆ ಚಿತ್ರ ರಚಿಸಿಕೊಡುತ್ತಲೇ ಬೆಳೆಯಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಇಪ್ಪತ್ತು ಲಕ್ಷ ದೃಶ್ಯಗಳನ್ನು ಯಾವ ಸಂಸ್ಥೆಯೂ ರಚಿಸಲಾರದು.

ಹಾಗಾದರೆ ಉಪಾಯವೇನು? ಕವಲೊಡೆದ ದಾರಿಗಳನ್ನು ಸ್ವಲ್ಪ ದೂರದಲ್ಲೇ ಮತ್ತೆ ಕೂಡಿಸಿಬಿಡುವುದು. ಪೆಟ್ಟಿಗೆ ಕೊಟ್ಟರೂ, ಕೊಡದಿದ್ದರೂ ಮರುದಿನ ನೀವು ಅದೇ ಪಟ್ಟಣಕ್ಕೆ ಹೋಗುತ್ತೀರಿ. ಹೀಗೆ ಮಾಡಿದರೆ ಹಂತಕ್ಕೆ 2ರಂತೆ 40 ದೃಶ್ಯ ಸಾಕು. ಆದರೆ ದಾರಿಗಳು ಕೂಡಿದ ಮೇಲೆ ಆಯ್ಕೆಗೆ ಅರ್ಥವೇನು ಉಳಿಯಿತು? ಇಲ್ಲಿಯೇ ಸ್ವಾರಸ್ಯವಿರುವುದು. ಕೂಡುವ ಮೊದಲು ತಂತ್ರಾಂಶ ಒಂದು ಗುರುತು ಹಾಕಿಕೊಳ್ಳುತ್ತದೆ: ಕೊಟ್ಟಿದ್ದರೆ 1, ಇಲ್ಲದಿದ್ದರೆ 0. ಅಂದರೆ ಒಂದು ಬಿಟ್. ಇಪ್ಪತ್ತು ಆಯ್ಕೆಗೆ ಇಪ್ಪತ್ತೇ ಬಿಟ್, ಮೂರು ಇಂಗ್ಲಿಷ್ ಅಕ್ಷರಗಳು ಹಿಡಿಯುವ ಜಾಗಕ್ಕಿಂತ ಕಡಿಮೆ. ಅಷ್ಟರಲ್ಲಿ 10,48,576 ಬಗೆಯ ಗತಕಾಲಗಳು ಅಡಗಿವೆ. ಮುಂದೆಲ್ಲೋ ಒಂದು ಸಾಲು ಕಾದಿರುತ್ತದೆ: ಆ ಬಿಟ್ 1 ಆಗಿದ್ದರೆ ಸುಳಿವುಗಾರ ಸತ್ತಿರಲಿ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಪಾತ್ರೆಯೊಳಗಿನ ಅನಿಲದ ಒತ್ತಡ, ಗಾತ್ರ, ಉಷ್ಣತೆ ಗೊತ್ತಿದ್ದರೆ ಸಾಕು, ಅದು ಈ ಸ್ಥಿತಿಗೆ ಯಾವ ದಾರಿಯಲ್ಲಿ ಬಂತೆಂದು ಕೇಳಬೇಕಾಗಿಲ್ಲ. ಉಕ್ಕಿನ ಸೂಜಿ ಹಾಗಲ್ಲ. ಹೊರಗೆ ಕಾಂತಕ್ಷೇತ್ರವೇ ಇಲ್ಲದಿದ್ದರೂ, ಹಿಂದೊಮ್ಮೆ ಆಯಸ್ಕಾಂತದಿಂದ ಉಜ್ಜಿದ್ದರೆ ಸೂಜಿ ಅದನ್ನು ನೆನಪಿಟ್ಟುಕೊಂಡಿರುತ್ತದೆ. ಹಿಸ್ಟೆರಿಸಿಸ್ ಪಾಠದಲ್ಲಿ ನಾವು ಹೇಳುವುದು ಇದನ್ನೇ. ಆಯ್ಕೆಯ ಆಟ ಸೂಜಿಯ ಜಾತಿಗೆ ಸೇರಿದ್ದು.

ಪರಿಣಾಮವನ್ನು ತಡವಾಗಿ ತೋರಿಸುವುದಕ್ಕೂ ಕಾರಣವಿದೆ. ಆಟಗಾರರು ಆಟವನ್ನು ಆಗಾಗ ಉಳಿಸಿಟ್ಟುಕೊಳ್ಳುತ್ತಾರೆ. ಕೆಟ್ಟದ್ದಾದರೆ ಹಿಂದಕ್ಕೆ ಹೋಗಿ ಇನ್ನೊಂದನ್ನು ಆರಿಸುತ್ತಾರೆ. ಪರಿಣಾಮ ಹತ್ತು ಗಂಟೆ ತಡವಾದರೆ ಹಿಂದಕ್ಕೆ ಹೋಗುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ.

ಎಣಿಸುತ್ತಿರುವವರು ಯಾರು?

'ವಿಚರ್ 3'ರಲ್ಲಿ ಬೇಟೆಗಾರನ ಸಾಕುಮಗಳು ಸಿರಿ ಕೊನೆಯಲ್ಲಿ ಬದುಕಿ ಬರುವಳೇ ಎಂಬುದನ್ನು ನಿರ್ಧರಿಸುವುದು ಯಾವ ಮಹಾಯುದ್ಧವೂ ಅಲ್ಲ. ಸೋತು ಕುಳಿತವಳ ಜೊತೆ ಹಿಮದ ಉಂಡೆ ಎರಚಿ ಆಡಿದಿರಾ, ಸಭೆಗೆ ಅವಳೊಬ್ಬಳನ್ನೇ ನಂಬಿ ಕಳಿಸಿದಿರಾ, ಗೆಳೆಯನ ಸಮಾಧಿಗೆ ಅವಳೊಡನೆ ಹೋದಿರಾ, ಇಂಥ ಐದು ಸಣ್ಣ ಸಂದರ್ಭಗಳು. ಸರಳಗೊಳಿಸಿ ಹೇಳುವುದಾದರೆ, ಐದರಲ್ಲಿ ಮೂರು ಕಡೆಯಾದರೂ ಅವಳಿಗೆ ಧೈರ್ಯ ಬರುವಂತೆ ನಡೆದುಕೊಂಡಿದ್ದರೆ ಅವಳು ಮರಳುತ್ತಾಳೆ. ಐದು ಬಿಟ್‌ಗಳಿಗೆ 32 ಜೋಡಣೆಗಳು. ಅವುಗಳಲ್ಲಿ ಮೂರು ಅಥವಾ ಹೆಚ್ಚು 1 ಇರುವವು 10 + 5 + 1, ಒಟ್ಟು 16. ಉಳಿದ 16ರಲ್ಲಿ ಅವಳು ಬರುವುದಿಲ್ಲ. ಸಂಖ್ಯಾಕಲನೀಯ ಭೌತವಿಜ್ಞಾನದಲ್ಲಿ ಅನೇಕ ಸೂಕ್ಷ್ಮಸ್ಥಿತಿಗಳು ಸೇರಿ ಒಂದು ಸ್ಥೂಲಸ್ಥಿತಿ ಆಗುತ್ತದಲ್ಲ, ಹಾಗೆಯೇ ಇದೂ. ನೂರು ಗಂಟೆ ಆಡಿದವನಿಗೆ ತಾನು ಬರೆದ ಕಥೆ ಅನನ್ಯ ಎನಿಸುತ್ತದೆ. ಗಣಕಕ್ಕೆ ಅದು 16ರಲ್ಲಿ ಒಂದು.

ಎಣಿಕೆ ನಡೆಯುತ್ತಿದೆಯೆಂದು ಆಟ ಆ ಹೊತ್ತಿನಲ್ಲಿ ನಿಮಗೆ ಹೇಳುವುದಿಲ್ಲ. ಯಾವುದನ್ನು ಎಣಿಸಬೇಕೆಂದು ನಿರ್ಧರಿಸಿದವರು ಲೇಖಕರು. ಯಾವ ಕೃತ್ಯಕ್ಕೆ ಬಿಟ್ ಇಟ್ಟಿಲ್ಲವೋ ಅದು ಆ ಲೋಕದಲ್ಲಿ ನಡೆದೇ ಇಲ್ಲ. ದಾರಿಯಲ್ಲಿ ಬಡವನ ಮನೆಗೆ ನುಗ್ಗಿ ಗಡಿಗೆಯಲ್ಲಿದ್ದುದನ್ನು ದೋಚಿದರೂ ಅನೇಕ ಕಡೆ ಯಾರೂ ಕೇಳುವುದಿಲ್ಲ! ಆಟದ ನೀತಿ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆಗಿಂತ, ಅದು ಏನನ್ನು ಎಣಿಸುತ್ತಿದೆ, ಏನನ್ನು ಎಣಿಸುತ್ತಿಲ್ಲ ಎಂದು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸುವುದು ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ.

ಗರ ಬೀಳುವ ಬಗೆ

ಎಲ್ಲವೂ ಆಯ್ಕೆಯಲ್ಲ, ಅದೃಷ್ಟವೂ ಇದೆ. ಈ ಆಟಗಳ ಮೂಲ 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಮೇಜಿನ ಸುತ್ತ ಕುಳಿತು, 20 ಮುಖದ ದಾಳ ಉರುಳಿಸಿ ಆಡುವ ಆಟ ಅದು. ಅದನ್ನೇ ಅನುಸರಿಸುವ 'ಬಾಲ್ಡರ್ಸ್ ಗೇಟ್ 3'ರಲ್ಲಿ ದಾಳ ತೆರೆಯ ಮೇಲೆಯೇ ಉರುಳುತ್ತದೆ. ಕಾವಲುಗಾರನನ್ನು ಮಾತಿನಲ್ಲಿ ಒಲಿಸಲು 15 ಬೇಕು, ನಿಮ್ಮ ಪಾತ್ರದ ಜಾಣ್ಮೆಗೆ 4 ಸೇರುತ್ತದೆ ಎಂದಾದರೆ ದಾಳದಲ್ಲಿ 11 ಅಥವಾ ಹೆಚ್ಚು ಬೀಳಬೇಕು. ಸಂಭವನೀಯತೆ 10/20, ಅಂದರೆ ಅರ್ಧ. ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ ಸಿಕ್ಕರೆ, ಎರಡೂ ಸೋಲುವ ಸಂಭವ 1/4, ಗೆಲುವು 3/4.

ತರಗತಿಯಲ್ಲಿ ಇದಕ್ಕೆ ಗಣಕ ಬೇಡ, ನಮ್ಮ ಚೌಕಾಬಾರ ಸಾಕು. ಅಲ್ಲಿಯೂ ಗರ ನಮ್ಮ ಕೈಯಲ್ಲಿಲ್ಲ, ಯಾವ ಕಾಯಿ ನಡೆಸಬೇಕೆಂಬುದು ಮಾತ್ರ ನಮ್ಮದು. ಕವಡೆ ಸಿಗದಿದ್ದರೆ ನಾಲ್ಕು ಹುಣಸೆಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಿ. ಎರಡು ಮಗ್ಗುಲೂ ಸಮವಾಗಿ ಬೀಳುವುದಾದರೆ 16 ಎಸೆತಕ್ಕೆ ಸರಾಸರಿ ಆರು ಬಾರಿ ಎರಡು, ನಾಲ್ಕು ಬಾರಿ ಒಂದು, ನಾಲ್ಕು ಬಾರಿ ಮೂರು ಬೀಳಬೇಕು. ನಾಲ್ಕೂ ಬೆಳ್ಳಗಾದ ಚೌಕ ಒಮ್ಮೆ, ನಾಲ್ಕೂ ಕಪ್ಪಾದ ಬಾರ ಒಮ್ಮೆ. ಉಜ್ಜಿದ ಬೀಜ ಹಾಗೆ ಸಮವಾಗಿ ಬೀಳುತ್ತದೆಯೇ? ನೂರು ಎಸೆತ ಬರೆದಿಟ್ಟು ಹೋಲಿಸಿ.

ಅರ್ಧ ಸಂಭವದ ಕೆಲಸದಲ್ಲಿ ಸತತ ನಾಲ್ಕು ಬಾರಿ ಸೋಲುವ ಸಂಭವವೂ ಬಾರ ಬೀಳುವಷ್ಟೇ, 1/16. ದೀರ್ಘ ಆಟದಲ್ಲಿ ಅದು ಎಷ್ಟೋ ಸಲ ಬರುತ್ತದೆ. ಆದರೂ ಹಾಗಾದಾಗ ಗಣಕ ಮೋಸ ಮಾಡುತ್ತಿದೆ ಎಂದು ಆಟಗಾರನಿಗೆ ಅನ್ನಿಸುತ್ತದೆ. ಅದಕ್ಕೆಂದೇ 'ಬಾಲ್ಡರ್ಸ್ ಗೇಟ್ 3'ರಲ್ಲಿ ಇಂಥ ಸರಣಿಗಳನ್ನು ತಡೆಯುವ ಒಂದು ಏರ್ಪಾಡು ಇದೆ, ಹೆಸರು 'ಕರ್ಮದ ದಾಳ'. ನ್ಯಾಯವೆನಿಸಲೆಂದು ದಾಳವನ್ನು ವಾಲಿಸಬೇಕಾಗಿ ಬಂದದ್ದು ತಮಾಷೆಯಲ್ಲವೇ?

ಗಣಕದ ಒಳಗೆ ಉರುಳುವ ದಾಳವೂ ಇಲ್ಲ. ಹಿಂದಿನ ಸಂಖ್ಯೆಯಿಂದ ಮುಂದಿನದನ್ನು ಲೆಕ್ಕ ಹಾಕುವ ಸೂತ್ರವಿದೆ, ಅಷ್ಟೆ. ಸಣ್ಣದೊಂದನ್ನು ನೀವೇ ಮಾಡಿ ನೋಡಿ. ಒಂದು ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿದಾಗ ಉಳಿದ ಶೇಷವೇ ಮುಂದಿನ ಸಂಖ್ಯೆ. 1ರಿಂದ ಹೊರಟರೆ 8, 11, 10, 5, 12, 15, 14, 9, 0, 3, 2, 13, 4, 7, 6, ಮತ್ತೆ 1. ಸೊನ್ನೆಯಿಂದ 15ರವರೆಗಿನ ಎಲ್ಲವೂ ಒಂದೊಂದು ಸಲ ಬಂದವು, ಕ್ರಮ ಕಲಸಿದಂತೆ ಕಾಣುತ್ತದೆ. ಆದರೆ ಇನ್ನೊಮ್ಮೆ ನೋಡಿ: ಬೆಸ, ಸರಿ, ಬೆಸ, ಸರಿ ಎಂದು ತಪ್ಪದೆ ಬದಲಾಗುತ್ತಿವೆ. ಈ ಗುಟ್ಟು ತಿಳಿದವನ ಮುಂದೆ ಇಂಥ ದಾಳ ಉರುಳಿಸುವಂತಿಲ್ಲ. ನಿಜವಾದ ಆಟಗಳ ಸೂತ್ರಗಳು ಬಹಳ ದೊಡ್ಡ ಸಂಖ್ಯೆಗಳನ್ನು ಬಳಸಿ ಇಂಥ ಜಾಡನ್ನು ಮರೆಸುತ್ತವೆ. 16ರ ಬದಲು 64 ಇಟ್ಟು, 1ರಿಂದಲೇ ಹೊರಟು, ಎಷ್ಟು ಹೆಜ್ಜೆಗೆ ಸುತ್ತು ಮುಗಿಯುತ್ತದೆ, ಬೆಸ–ಸರಿಯ ಜಾಡು ಅಳಿಯುತ್ತದೆಯೇ ಎಂದು ವಿದ್ಯಾರ್ಥಿಗಳು ಲೆಕ್ಕ ಮಾಡಲಿ.