ಕೆಸರೇ ಮನೆ, ಕೆಸರೇ ಎಲ್ಲೆ

ಮಣ್ಣನ್ನು ಕಂಡೊಡನೆಯೇ ಇಲ್ಲಿ ರಾಗಿ ಬಂದೀತು, ಇಲ್ಲಿ ಕಬ್ಬು ಬಂದೀತು ಎಂದು ನಮ್ಮ ರೈತನು ಹೇಳಬಲ್ಲನು. ಕಡಲಿನ ತಳಕ್ಕೂ ಇಂತಹ ಗುಣಭೇದವುಂಟೆಂದರೆ ಓದುಗರಿಗೆ ಅಚ್ಚರಿಯೆನಿಸಬಹುದು. ಯೂರೋಪಿನ ನಾರ್ವೆ ಲಾಬ್‌ಸ್ಟರ್ ಇದಕ್ಕೊಂದು ಒಳ್ಳೆಯ ನಿದರ್ಶನ.

ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ ಈ ಪ್ರಾಣಿಯನ್ನು ಲಿನೇಯಸನು 1758ರಲ್ಲಿಯೇ ವರ್ಣಿಸಿದ್ದಾನೆ. ಐಸ್‌ಲೆಂಡಿನಿಂದ ಮೆಡಿಟರೇನಿಯನ್‌ವರೆಗೆ ಇದರ ವಾಸ. ಸ್ಕ್ಯಾಂಪಿ ಎಂಬ ಹೆಸರಿನಿಂದ ಊಟದ ಮೇಜನ್ನೇರುವ ಇದನ್ನು ಹಿಡಿಯುವುದರಲ್ಲಿ ಸ್ಕಾಟ್ಲೆಂಡಿನ ಮೀನುಗಾರರದು ದೊಡ್ಡ ಪಾಲು.

ಇದು ಬಿಲ ತೋಡಿ ಬಾಳುವ ಜೀವಿ. ಬರಿಯ ಮರಳಿನಲ್ಲಿ ತೋಡಿದ ಬಿಲ ಕುಸಿಯುತ್ತದೆ, ಬಂಡೆಯನ್ನಂತೂ ತೋಡಲಾಗದು. ಆದುದರಿಂದ ಕೆಸರಿರುವಲ್ಲಿ ಮಾತ್ರವೇ ಇದರ ಸಂಸಾರ. ಮರಿಗಳು ಕೆಲವು ವಾರಗಳ ಕಾಲ ನೀರಿನಲ್ಲಿ ತೇಲಾಡಿ, ಕೊನೆಗೆ ತಳಕ್ಕಿಳಿಯುತ್ತವೆ. ಕೆಳಗೆ ಕೆಸರು ದೊರೆತರೆ ಬದುಕು, ಇಲ್ಲವಾದರೆ ಸಾವು. ಒಮ್ಮೆ ನೆಲೆಯೂರಿದ ಮೇಲೆ ಪರಸ್ಥಳದ ಹಂಬಲವಿಲ್ಲ. ಹೀಗೆ ಒಂದೊಂದು ಕೆಸರಿನ ಹರವೂ ಒಂದೊಂದು ದ್ವೀಪವೇ ಸರಿ. ಒಂದು ಬರಿದಾದರೆ ಪಕ್ಕದ ದ್ವೀಪದ ದೊಡ್ಡ ಪ್ರಾಣಿಗಳು ನಡೆದುಬಂದು ಅದನ್ನು ತುಂಬವು.

ಕೆಸರಿನ ನಯ ಬೇರೆಯಾದಂತೆ ಸಂಸಾರದ ಬಗೆಯೂ ಬೇರೆಯಾಗುತ್ತದೆ. ಬಿಲಗಳು ಒತ್ತೊತ್ತಾಗಿರುವ ಅನೇಕ ನೆಲೆಗಳಲ್ಲಿ ಆಹಾರಕ್ಕೆ ಪೈಪೋಟಿ ಹೆಚ್ಚಿ ಪ್ರಾಣಿಗಳು ಸಣ್ಣವಾಗಿಯೇ ಉಳಿಯುತ್ತವೆ. ವಿರಳವಾಗಿರುವಲ್ಲಿ ದಷ್ಟಪುಷ್ಟವಾಗಿ ಬೆಳೆಯುತ್ತವೆ. ಇನ್ನು ಮೊಟ್ಟೆ ಹೊತ್ತ ಹೆಣ್ಣು ತಿಂಗಳುಗಟ್ಟಲೆ ಬಹುಮಟ್ಟಿಗೆ ಬಿಲದೊಳಗೇ ಇರುವುದರಿಂದ, ಚಳಿಗಾಲದ ಬಲೆಗೆ ಬೀಳುವವುಗಳಲ್ಲಿ ಗಂಡುಗಳೇ ಹೆಚ್ಚು.

ಹಾಗಾದರೆ ಬಲೆಯನ್ನು ನೋಡಿ ಜನಗಣತಿ ಮಾಡುವುದೆಂತು? ಬೀದಿಯಲ್ಲಿ ಓಡಾಡುವವರನ್ನಷ್ಟೇ ಎಣಿಸಿ ಊರಿನ ಲೆಕ್ಕ ಬರೆದಂತಾದೀತು! ಆದುದರಿಂದ ವಿಜ್ಞಾನಿಗಳು ಜಾರುಬಂಡಿಯೊಂದಕ್ಕೆ ಕ್ಯಾಮೆರಾ ಕಟ್ಟಿ, ಅದನ್ನು ಕಡಲತಳದಲ್ಲಿ ಎಳೆದು, ಬಿಲಗಳನ್ನೇ ಎಣಿಸುತ್ತಾರೆ. ಒಂದೇ ಬಿಲಕ್ಕೆ ಹಲವು ಬಾಗಿಲುಗಳಿರುವುದರಿಂದ ಎಣಿಕೆಯಲ್ಲಿ ಬಹಳ ಎಚ್ಚರ ಬೇಕು.

ಈ ಲೆಕ್ಕದ ಹಿಂದೆ ಮೀನುಗಾರರ ಅನ್ನದ ಪ್ರಶ್ನೆಯಿದೆ. ವಿಶಾಲವಾದ ಸಮುದ್ರಭಾಗಕ್ಕೆಲ್ಲ ಸೇರಿಸಿ ಒಂದೇ ಮಿತಿಯನ್ನು ಗೊತ್ತುಮಾಡಿದರೆ, ದೋಣಿಗಳೆಲ್ಲ ಒಂದೇ ನೆಲೆಗೆ ಮುಗಿಬೀಳಬಹುದು. ಮಿತಿ ಮೀರದೆಯೇ ಆ ನೆಲೆ ಬರಿದಾಗಬಹುದು. ಆದಕಾರಣವೇ ಪ್ರತಿಯೊಂದು ಕೆಸರಿನ ನೆಲೆಗೂ ಪ್ರತ್ಯೇಕ ಮಿತಿ ಇರಬೇಕೆಂದು ತಜ್ಞರು ಒತ್ತಿ ಹೇಳುತ್ತಾರೆ.

ಹೊಲದ ಗುಣವರಿಯದೆ ಬಿತ್ತಿದವನಿಗೆ ನಷ್ಟ. ಕಡಲ ತಳವನ್ನರಿಯದೆ ಬಲೆ ಬೀಸಿದವನಿಗೂ ಅಷ್ಟೇ.