ಸುರಿಯದ ನೀರಿಗೂ ಅಳತೆಯುಂಟು

ಆಗಸ್ಟ್ ತಿಂಗಳ ಮಧ್ಯಾಹ್ನ. ಕಲಬುರಗಿ ಜಿಲ್ಲೆಯ ಸೇಡಂನ ಹಳೆಯ ಮನೆಯೊಂದರಲ್ಲಿ ಶಹಾಬಾದ್ ಫರಸಿಯ ನೆಲ ಬೆವರಿದೆ. ಬರಿಗಾಲಲ್ಲಿ ನಡೆದರೆ ಹೆಜ್ಜೆ ಮೂಡುತ್ತದೆ, ಡಬ್ಬಿಯ ಉಪ್ಪು ನೀರೊಡೆದಿದೆ. "ಭಾಳ ಧಗಿ ಆಗ್ಲತದ, ಸಂಜಿಗಿ ಮಳಿ ಬರ್ತದ ನೋಡ್ರಿ" ಎನ್ನುತ್ತಾರೆ ಹಿರಿಯರು. ಅನುಭವದ ಮಾತು, ಎಷ್ಟೋ ಸಲ ನಿಜವೂ ಆಗುತ್ತದೆ. ಆದರೆ ಫರಸಿಗೆ ಗೊತ್ತಿರುವುದು ತನ್ನನ್ನು ತಾಗಿದ ಗಾಳಿಯ ಸುದ್ದಿಯಷ್ಟೇ. ಅಲ್ಲಿಂದ ಮೇಲೆ ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಗೆ ಕಾಣದ ಆವಿ ಎಷ್ಟಿದೆ ಎಂದು ಅಳೆಯಬೇಕಾದರೆ, ನಮಗೆ ದಾರಿ ತೋರಿಸುವ ಉಪಗ್ರಹಗಳನ್ನೇ ಕೇಳಬಹುದು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಅಣುಗಡಿಯಾರದ ಲೆಕ್ಕಕ್ಕೆ ಸರಿಯಾಗಿ ರೇಡಿಯೊ ಸಂಕೇತ ಕಳಿಸುತ್ತಿರುತ್ತವೆ. ಸಂಕೇತ ಹೊರಟು ನೆಲ ಮುಟ್ಟಲು ಹಿಡಿದ ಕಾಲವೇ ದೂರದ ಅಳತೆ. ಗಾಳಿಯ ಪದರ ಹೊಕ್ಕಾಗ ಸಂಕೇತ ತುಸು ನಿಧಾನವಾಗುತ್ತದೆ. ಉಪಗ್ರಹ ಇದ್ದ ಜಾಗಕ್ಕಿಂತ ಸ್ವಲ್ಪ ದೂರ ಸರಿದಂತೆ ತೋರುತ್ತದೆ; ತಡವನ್ನು ಅಳೆಯುವುದೂ ಈ ದೂರದಲ್ಲೇ. ಜಮೀನು ಅಳೆಯಲು ರೋವರ್ ಕೋಲು ಊರಿ ನಿಂತ ಸರ್ವೆಯರ್‌ಗೆ ಈ ತಡ ಒಂದು ದೋಷ, ಕಳೆದು ಬಿಸಾಡಬೇಕಾದದ್ದು. ಮೈಕೆಲ್ ಬೆವಿಸ್ ಮತ್ತು ಸಂಗಡಿಗರು 1992ರಲ್ಲಿ ಹೇಳಿದ್ದು, ಆ ದೋಷದೊಳಗೆ ಮಳೆಯ ಸುದ್ದಿ ಇದೆ ಎಂದು.

ಅದನ್ನು ಹೊರತೆಗೆಯುವ ಕ್ರಮ ಅಕ್ಕಿ ಕೇರಿದಂತೆ. ಮೊದಲು ಅಯಾನುಗೋಳದ ಪಾಲು ಹೋಗಬೇಕು. ಅದು ಬೇರೆ ಬೇರೆ ಕಂಪನಾಂಕದ ಸಂಕೇತಗಳನ್ನು ಬೇರೆ ಬೇರೆಯಾಗಿ ತಡೆಯುವುದರಿಂದ, ಎರಡು ಸಂಕೇತ ಹೋಲಿಸಿದರೆ ಸಿಕ್ಕಿಬೀಳುತ್ತದೆ. ಮುಂದಿನದು ಒಣ ಗಾಳಿಯ ಪಾಲು. ವಾಯುಭಾರ ಮಾಪಕದ ಅಂಕಿ ಇದ್ದರೆ ಇದು ಸಲೀಸು: ಸೇಡಂನಷ್ಟು ಎತ್ತರದ ಊರಿನಲ್ಲಿ ನೆತ್ತಿಯ ನೇರಕ್ಕೆ ಸುಮಾರು 2.2 ಮೀಟರ್. ಇಷ್ಟು ಕಳೆದ ಮೇಲೆ ಮೊರದಲ್ಲಿ ಉಳಿಯುವ ಹತ್ತಾರು ಸೆಂಟಿಮೀಟರ್ ನೀರಾವಿಯದು. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಆದ್ದರಿಂದಲೇ ಅದು ಪ್ರಮಾಣದಲ್ಲಿ ಕಡಿಮೆಯಿದ್ದರೂ ರೇಡಿಯೊ ಅಲೆಯನ್ನು ಬಲವಾಗಿ ಹಿಡಿದೆಳೆಯುತ್ತದೆ. ಮೇಲಿರುವ ಆವಿಯೆಲ್ಲ ನೀರಾಗಿ ಇಳಿದರೆ ಎಷ್ಟು ಮಿಲಿಮೀಟರ್ ನಿಲ್ಲುತ್ತದೋ, ಅದರ ಸುಮಾರು ಆರೂವರೆ ಪಟ್ಟು ಈ ತಡ. ಅಂದರೆ 32 ಸೆಂಟಿಮೀಟರ್ ತಡ ಸಿಕ್ಕರೆ ತಲೆಯ ಮೇಲೆ 50 ಮಿಲಿಮೀಟರ್ ನೀರಿದೆ. ಮಳೆಗಾಲದಲ್ಲಿ ಇಷ್ಟಿರುವುದು ಹೊಸದೇನಲ್ಲ. ಒಂದು ಎಕರೆ ತೊಗರಿ ಹೊಲದ ಮೇಲೆ ಅದು ಎರಡು ಲಕ್ಷ ಲೀಟರ್!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯಲ್ಲೂ ವರ್ಷಾನುಗಟ್ಟಲೆಯಿಂದ ಇಂಥ ಸಂಕೇತ ಹಿಡಿಯುವ ಕಾಯಂ ನಿಲ್ದಾಣಗಳಿವೆ. ಬೆಂಗಳೂರಿನ ವಿಜ್ಞಾನಿ ಶ್ರೀದೇವಿ ಜಡೆ ಮತ್ತು ಸಂಗಡಿಗರು ಭಾರತದ ಮೇಲಿನ ಆವಿಯನ್ನು ಹೀಗೆ ಲೆಕ್ಕಹಾಕಿ 2005ರಲ್ಲೇ ಪ್ರಕಟಿಸಿದರು. ಹವಾಮಾನ ಇಲಾಖೆಯ ಬಲೂನು ಆಕಾಶಕ್ಕೇರುವುದು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ. ಈ ನಿಲ್ದಾಣಕ್ಕೆ ಹಗಲು ರಾತ್ರಿಯಿಲ್ಲ, ಮೋಡ ಮಳೆಯ ಅಡ್ಡಿಯಿಲ್ಲ. ಕೆಲವು ನಿಮಿಷಕ್ಕೊಮ್ಮೆ ಲೆಕ್ಕ ಕೊಡಬಲ್ಲದು. ನಮ್ಮಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ, ಅವು ಬೇಕೇ ಬೇಕು. ಆದರೆ ಅವು ಎಣಿಸುವುದು ಬಿದ್ದ ನೀರನ್ನು.

ಆವಿ ಇದ್ದ ಮಾತ್ರಕ್ಕೆ ಮಳೆ ಬಾರದು, ಇದನ್ನೂ ಹೇಳಬೇಕು. ಗಾಳಿ ಮೇಲೇರಿ ತಣಿಯಬೇಕು. ಜುಲೈಯಲ್ಲಿ ತೊಗರಿ ಬಿತ್ತಿ ಮುಗಿಲು ನೋಡುತ್ತ ಕೂತ ಚಿತ್ತಾಪುರದ ರೈತನ ನೆತ್ತಿಯ ಮೇಲೆ ಆ ಎರಡು ಲಕ್ಷ ಲೀಟರ್ ಇಳಿಯದೆ ಹಾದುಹೋಗುವ ದಿನಗಳು ಎಷ್ಟೋ. ದೊಡ್ಡ ಮಳೆಯ ದಿನ ಲೆಕ್ಕ ತಿರುಗುಮುರುಗು: ತಲೆಯ ಮೇಲಿದ್ದುದಕ್ಕಿಂತ ಹೆಚ್ಚು ನೀರು ಸುರಿಯುತ್ತದೆ, ಏಕೆಂದರೆ ಗಾಳಿ ಸುತ್ತಲಿನಿಂದ ಆವಿಯನ್ನು ಹೊತ್ತು ತರುತ್ತಲೇ ಇರುತ್ತದೆ. ಹಾಗಾಗಿ ಒಂದೇ ನಿಲ್ದಾಣ ಸಾಲದು, ಸಾಲು ಬೇಕು.

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಇತ್ತ ಬಂತು. ಕಾಗಿಣಾ ನದಿ ಉಕ್ಕಿ ಹರಿಯಿತು. ಅಂಥದು ಪೂರ್ವದಿಂದ ಬರುವಾಗ ಮೊದಲು ಸಿಗುವುದು ಚಿಂಚೋಳಿ, ಆಮೇಲೆ ಸೇಡಂ, ಚಿತ್ತಾಪುರ, ವಾಡಿ, ಕೊನೆಗೆ ಶಹಾಬಾದ್. ಚಿಂಚೋಳಿಯಿಂದ ಶಹಾಬಾದಿಗೆ ನೇರವಾಗಿ 60 ಕಿ.ಮೀ. ಆಸುಪಾಸು. ಗಂಟೆಗೆ 40 ಕಿ.ಮೀ. ವೇಗದ ಗಾಳಿಗೆ ಅದು ಒಂದೂವರೆ ಗಂಟೆಯ ದಾರಿ. ಮೊದಲ ನಿಲ್ದಾಣದ ಸುದ್ದಿ ಸಿಕ್ಕರೆ, ದನ ಬಿಚ್ಚಿಕೊಂಡು ದಿಬ್ಬ ಹತ್ತಲು ಅಷ್ಟು ಹೊತ್ತು ಸಾಕು.

ಜಮೀನು ಅಳತೆಗಾಗಿ ಸರ್ವೆ ಆಫ್ ಇಂಡಿಯಾ ಕರ್ನಾಟಕದಲ್ಲೂ ಇಂಥ ಕಾಯಂ ನಿಲ್ದಾಣಗಳನ್ನು ನಿಲ್ಲಿಸಿದೆ. ಅವುಗಳ ಪಕ್ಕದಲ್ಲಿ ಒಂದೊಂದು ವಾಯುಭಾರ ಮಾಪಕ, ಉಷ್ಣಮಾಪಕ ಇರಲಿ. ಅಂಕಿಗಳು ಆಯಾ ಹೊತ್ತಿಗೇ ಹವಾಮಾನದವರ ಕೈ ಸೇರಲಿ. ಈ ಐದೂ ಊರುಗಳ ಸುತ್ತ ಅಂಥ ಸಾಲೊಂದನ್ನು ಮುಂದಿನ ಮುಂಗಾರಿನೊಳಗೆ ಕಟ್ಟಬೇಕೆಂದು ಕಲಬುರಗಿ ಜಿಲ್ಲೆಯ ಜನ, ಅವರ ಪ್ರತಿನಿಧಿಗಳು ಕೇಳಬೇಕು.