ಸಾಕು ಬೆಕ್ಕಿನ ಹಲ್ಲಿನ ತೊಂದರೆ: ಚಿಕಿತ್ಸೆಯ ನಿರ್ಧಾರ ಹೇಗೆ?

ಧಾನ್ಯದ ಉಗ್ರಾಣವನ್ನು ಇಲಿಗಳಿಂದ ಕಾಯುವ ಬೆಕ್ಕಿಗೆ ಹಲ್ಲೇ ಆಯುಧ. ಬೆಳೆದ ಬೆಕ್ಕಿಗೆ 30 ಹಲ್ಲುಗಳಿರುತ್ತವೆ. ನೋವಿದ್ದರೂ ಬೆಕ್ಕು ಅದನ್ನು ತೋರಗೊಡುವುದಿಲ್ಲ. ಆದುದರಿಂದ ಆಹಾರ ತಿನ್ನುತ್ತಿದೆ ಎಂಬ ಒಂದೇ ಕಾರಣಕ್ಕೆ ಹಲ್ಲು ಚೆನ್ನಾಗಿದೆ ಎಂದು ಭಾವಿಸಬಾರದು.

ಲಕ್ಷಣಗಳು: ಬಾಯಿಯ ದುರ್ವಾಸನೆ, ಕೆಂಪಾದ ವಸಡು, ಜೊಲ್ಲು ಸುರಿಯುವಿಕೆ, ಒಂದೇ ಬದಿಯಲ್ಲಿ ಅಗಿಯುವುದು, ತುತ್ತು ಬಾಯಿಂದ ಜಾರಿ ಬೀಳುವುದು.

ಎಚ್ಚರಿಕೆ: ಜೊಲ್ಲಿನೊಂದಿಗೆ ವರ್ತನೆಯೂ ಬದಲಾಗಿದ್ದರೆ ಬಾಯಿಯೊಳಗೆ ಕೈ ಹಾಕಬೇಡಿ. ರೇಬೀಸ್ ಅಥವಾ ಇಲಿ ಪಾಷಾಣದ ವಿಷಬಾಧೆ ಇರಬಹುದು. ಕೂಡಲೇ ಪಶುವೈದ್ಯರಿಗೆ ತಿಳಿಸಿ.

ನಿರ್ಧಾರ: ಹಲ್ಲಿನ ಮೇಲೆ ಕಿಟ್ಟ ಮಾತ್ರ ಕಟ್ಟಿದ್ದರೆ ಶುಚಿಗೊಳಿಸಿದರೆ ಸಾಕಾಗಬಹುದು. ಹಲ್ಲು ಅಲುಗಾಡುತ್ತಿದ್ದರೆ ಅಥವಾ ಬೇರು ಹಾಳಾಗಿದ್ದರೆ ಕೀಳಿಸುವುದೇ ಉತ್ತಮ. ಎರಡಕ್ಕೂ ಅರಿವಳಿಕೆ ಅವಶ್ಯಕ. ಮುಪ್ಪು ಒಂದೇ ಇದಕ್ಕೆ ಅಡ್ಡಿಯಲ್ಲ. ಮೊದಲು ರಕ್ತಪರೀಕ್ಷೆಯಿಂದ ಮೂತ್ರಪಿಂಡ ಹಾಗೂ ಯಕೃತ್ತಿನ ಸ್ಥಿತಿಯನ್ನು ಅರಿಯಬೇಕು. ಅರಿವಳಿಕೆ ಸಾಧ್ಯವಿಲ್ಲವೆಂದಾದಲ್ಲಿ ನೋವು ಶಮನದ ಮಾರ್ಗವನ್ನು ವೈದ್ಯರಲ್ಲಿ ಕೇಳಿ. ಹಲ್ಲು ಕಿತ್ತ ಬೆಕ್ಕು ಬೇಯಿಸಿದ ಮೀನು, ಮೊಟ್ಟೆಯಂತಹ ಮೆದು ಆಹಾರ ತಿಂದು ನೆಮ್ಮದಿಯಿಂದ ಬಾಳಬಲ್ಲದು. ಆದರೆ ಅದನ್ನು ಬೇಟೆಯ ಮೇಲೆಯೇ ಬಿಡಬೇಡಿ. ಉಗ್ರಾಣದಲ್ಲಿ ಇಲಿ ಬೋನುಗಳನ್ನು ಇಡಿ.

ಮಾಡಬಾರದ್ದು: ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ, ಒಂದು ಮಾತ್ರೆಯನ್ನೂ ಕೊಡಬೇಡಿ. ಮನುಷ್ಯರ ಟೂತ್‌ಪೇಸ್ಟ್ ಬಳಸಬೇಡಿ.

ಬೆಕ್ಕು ಒಂದು ದಿನ ಪೂರ್ತಿ ಆಹಾರ ಬಿಟ್ಟರೆ ಕಾಯದೆ ಸಮೀಪದ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಅರಿವಳಿಕೆಯ ಸೌಲಭ್ಯವಿಲ್ಲದಿದ್ದಲ್ಲಿ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.